ಎರಡನೇ ಎಲೆಯ ತಂಬಿಗೆ

ಹತ್ತಿಮತ್ತೂರು
೧೨ ಅಕ್ಟೋಬರ್ ೧೯೬೧

ಪ್ರೀತಿಯ ಅಲ್ಲಾಭಕ್ಷನಿಗೆ ಸಲಾಮು.

ಮುಂಬಯಿಯಿಂದ ನೀನು ಬರೆದ ಎರಡೂ ಕಾಗದ ತಲುಪಿವೆ. ಉತ್ತರಕ್ಕೆ ನಾಲ್ಕು ತಿಂಗಳು ತೆಗೆದುಕೊಂಡೆ, ಬೈದುಕೋ. ತಡಸಕ್ಕೆ ಹೋದಾಗ ನಿನ್ನ ತಾಯಿ ರಹಿಮಾಬಿಯವರನ್ನು ಕಂಡೆ. ಆರಾಮವಾಗಿದ್ದಾರೆ. "ಗೋಲ್ ಕಾಯೂದು ಸಾಕಂತ ಹೇಳ್ರಿ ಅವಂಗ, ಇನ್ನ ಮನಿ ಕಾಯಲಿ" ಎಂದು ನಕ್ಕರು. ನನಗೆ ಹೊಲದ ತನಕ ನಡೆಯಲು ಇನ್ನೂ ಕೋಲು ಬೇಕು.

ಈಗ ಮುಖ್ಯ ವಿಷಯ. ಮಿಲ್ಲಿನ ಫುಟ್‌ಬಾಲ್ ತಂಡದಲ್ಲಿ ಹತ್ತು ವರ್ಷ ನಿನ್ನ ಜೊತೆ ಆಡಿದವನು ಗೋಣೆಪ್ಪನಲ್ಲ. ಗೋಣೆಪ್ಪ ನನ್ನ ಅಣ್ಣ. ನಾನು ಚಂದ್ರಪ್ಪ.

೧೯೫೦ರಲ್ಲಿ ಸವಣೂರಿನ ಮೈದಾನದಲ್ಲಿ ಅಣ್ಣನ ಆಟ ನೋಡಿದ ಮಿಲ್ಲಿನವರು ಪತ್ರ ಕಳಿಸಿದರು: ಎಡಗಾಲಿನ ಆಟಗಾರ ಗೋಣೆಪ್ಪ ಹದಿನೈದನೇ ತಾರೀಖಿಗೆ ಹಾಜರಾಗಬೇಕು. ಅಷ್ಟರಲ್ಲಿ ಅವನು ವಿಷಮಜ್ವರದಿಂದ ಮಲಗಿದ. ಯಾರಿಗೂ ಹೇಳದೆ ಆ ಪತ್ರ ಹಿಡಿದು ನಾನು ಹಾವೇರಿಯಲ್ಲಿ ರೈಲು ಹತ್ತಿದೆ. ಮೂರನೇ ದಿನ ಅಣ್ಣ ತೀರಿಕೊಂಡ. ನನ್ನ ನೌಕರಿ ಉಳಿಯಲೆಂದು ಅಪ್ಪ ಚಾವಡಿಯಲ್ಲಿ ಸತ್ತವನ ಹೆಸರು ಚಂದ್ರಪ್ಪ ಎಂದು ಬರೆಸಿದ.

ನನ್ನದು ಬಲಗಾಲಿನ ಆಟ. ಎಡಗಾಲು ಪಳಗಲು ಒಂದು ವರ್ಷ ಹಿಡಿಯಿತು. ಆಮೇಲೆ ನಾನು ಚೆಂಡನ್ನು ನೋಡುವ ಮೊದಲೇ ಆ ಕಾಲು ಒದೆಯುತ್ತಿತ್ತು. "ನಿನ್ನ ಕಾಲಿಗೆ ಬ್ಯಾರೆ ಕಣ್ಣ ಅದಾವಲೇ" ಎಂದು ನೀನೇ ಹೇಳಿದ್ದೆ. ಹೋದ ವರ್ಷದ ಕೊನೆಗೆ ಮುರಿದು ನನ್ನನ್ನು ಊರಿಗೆ ಕಳಿಸಿದ್ದು ಬಲ ಮೊಣಕಾಲು.

ಮೊನ್ನೆ ಸೋಮವಾರ ಮಹಾನವಮಿ ಅಮಾವಾಸ್ಯೆ. ಅಂದು ನಮ್ಮಲ್ಲಿ ಸತ್ತವರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಕದ ಹಾಕುತ್ತಾರೆ. ಅವ್ವ ಎರಡು ಎಲೆ ಹಾಕಿದಳು. ಒಂದು ಅಪ್ಪನಿಗೆ, ಇನ್ನೊಂದು ನನಗೆ. ನನ್ನ ಎಲೆಯ ಪಕ್ಕ ನನ್ನ ಹಳೆಯ ಅಂಗಿ, ತುಂಬಿದ ತಂಬಿಗೆ ನೀರು.

"ಚಂದ್ರ್ಯಾ ನೀರ ಬೇಡಿಕೋಂತ ಹ್ವಾದ" ಎಂದಳು.

"ಅವ್ವಾ, ನಾನ ಚಂದ್ರ್ಯಾ. ಇಲ್ಲೇ ನಿಂತೇನಿ ನೋಡ."

"ಸುಮ್ನಿರ ಗೋಣ್ಯಾ. ಹಬ್ಬದ ದಿನ ಚ್ಯಾಷ್ಟಿ ಬ್ಯಾಡ."

ಅವ್ವನ ಕಣ್ಣು ಚೆನ್ನಾಗಿವೆ, ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ. ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. "ಚಂದ್ರ್ಯಾ ಅಣ್ಣನ್ನ ಹಾಸಿಗ್ಯಾಗ ಬಿಟ್ಟು ಹೋಗೂವಂಥಾ ಮಗಾ ಅಲ್ಲ" ಎಂದು ಕದ ಎಳೆದಳು.

ಉರಿಬಿಸಿಲಿನಲ್ಲಿ ಇಬ್ಬರೂ ಕಟ್ಟೆಯ ಮೇಲೆ ಕುಳಿತೆವು. ಕದ ತೆರೆದಾಗ ತಂಬಿಗೆಯಲ್ಲಿ ಅರ್ಧ ನೀರಿತ್ತು. ನೆಲ ಒಣಗಿತ್ತು. ಆ ಕೋಣೆಗೆ ಒಂದೇ ಕದ, ಬೆಳಕಿಂಡಿಗೆ ಜಾಲರಿ ಇದೆ. ತಂಬಿಗೆಯನ್ನು ತುಂಬಿಸಿ ಮೂರು ದಿನ ಇಟ್ಟು ನೋಡಿದೆ. ಅದು ಸೋರುವುದಿಲ್ಲ.

ಅವ್ವನಿಗೆ ಆಶ್ಚರ್ಯವೇ ಆಗಲಿಲ್ಲ. "ಹ್ವಾದ ವರ್ಷ ಪೂರಾ ಕುಡದಿದ್ದ. ಈಗ ನೀ ಮನ್ಯಾಗ ಅದಿಯಲ್ಲ, ನಾಚ್ಕೊಂಡಾನ" ಎಂದಳು.

ಒಂದು ಉಪಕಾರ ಮಾಡು. ಮುಂದಿನ ಕಾಗದದ ವಿಳಾಸಕ್ಕೆ ಚಂದ್ರಪ್ಪ ಎಂದು ಬರೆ. ಪೋಸ್ಟಮನ್ ಮಾರೆಪ್ಪ ಆ ಹೆಸರನ್ನು ಓಣಿಯಲ್ಲಿ ಒಮ್ಮೆ ಕೂಗಲಿ. ಅವ್ವನ ಕಿವಿಗೆ ಬೀಳಲಿ.

ನಿನ್ನ ಮಕ್ಕಳು ಗಟ್ಟಿ ಕಾಲಿನವರಾಗಿ ಬೆಳೆಯಲಿ.

ನಿನ್ನ ಗೆಳೆಯ,
ಚಂದ್ರಪ್ಪ

ತಾ.ಕ.: ಮಿಲ್ಲಿನ ಪತ್ರ ಇದ್ದದ್ದು ಅಣ್ಣನ ತಲೆದಿಂಬಿನ ಕೆಳಗೆ. ನಾನು ಎಳೆದುಕೊಳ್ಳುವಾಗ ಅವನಿಗೆ ಎಚ್ಚರವಿತ್ತು. "ಚಂದ್ರ್ಯಾ, ನೀರ ಕೊಡ" ಎಂದ. ತಂಬಿಗೆ ಹೊಸ್ತಿಲ ಹತ್ತಿರವೇ ಇತ್ತು. "ಈಗ ಬಂದ ಕೊಡ್ತೇನಿ" ಎಂದು ಅದನ್ನು ದಾಟಿ ಹೋದೆ. ತಾನು ಸಾಯುವ ಮೊದಲು ಅಪ್ಪ ನನಗೆ ಒಂದು ಕಾಗದ ಬರೆಸಿದ್ದ: ಮೂರು ದಿನ ಯಾರು ನೀರು ಹಿಡಿದರೂ ಅಣ್ಣ ತುಟಿ ತೆರೆಯಲಿಲ್ಲವಂತೆ, ಚಂದ್ರ್ಯಾ ತರತಾನ ಅನ್ನುತ್ತಿದ್ದನಂತೆ.