ನೆಲಮಾಳಿಗೆಯಲ್ಲಿ ತಮ್ಮನ ಕುರ್ಚಿ

ಏಪ್ರಿಲ್ 9, ಬೆಳಿಗ್ಗೆ

ಅಂಗಳದ ಮಳೆಮಾಪಕ ನೋಡಿದೆ. ಖಾಲಿ. ಎಂದಿನಂತೆ ಹವಾಮಾನ ಕಚೇರಿಗೆ ಹೇಳೋಣ ಅಂತ ಫೋನ್ ಮಾಡಿದರೆ ಎತ್ತಿದ್ದು ಅಲ್ಲಿ ಹವಾಮಾನ ನೋಡೋ ರಾಸ್ಕೋ ಅಲ್ಲ, ಉತ್ತರ ಹೇಳೋ ಮೆಷಿನ್. ಆಮೇಲೆ ಅವನೇ ಮನೆಯಿಂದ ಮಾಡಿದ.

"ಕೆಲಸದಿಂದ ತೆಗೆದುಬಿಟ್ಟರು ವರ್ನಾ ಅಮ್ಮ. ವಾಷಿಂಗ್ಟನ್ನಿಂದ ಒಂದು ಇಮೇಲ್. ನನ್ನ ಕೆಲಸ ಸರಿಯಿಲ್ಲವಂತೆ."

ಹೋದ ವರ್ಷ ಸುಂಟರಗಾಳಿಗೆ ಮುಂಚೆ ಇಡೀ ಕೌಂಟಿಯನ್ನ ಎಚ್ಚರಿಸಿದವನು. ಸರಿಯಿಲ್ಲವಂತೆ...

ಏಪ್ರಿಲ್ 13, ಭಾನುವಾರ

ಡೆಲ್ಬರ್ಟ್ ಊಟಕ್ಕೆ ಬಂದ. ಒಬ್ಬನೇ ತಮ್ಮ. ಅವನದು ಚಕ್ರದ ಮೇಲಿನ ತಗಡಿನ ಟ್ರೇಲರ್ ಮನೆ, ನೆಲಮಾಳಿಗೆಯಿಲ್ಲ. ಸುಂಟರಗಾಳಿ ಎದ್ದರೆ ಇಲ್ಲಿಗೇ ಓಡಿಬರಬೇಕು. ಕೆಳಗೆ ಅವನದೇ ಕುರ್ಚಿ ಇದೆ, ಇಸ್ಪೀಟೂ ಇದೆ. ರಾಸ್ಕೋ ಕೆಲಸ ಹೋದದ್ದು ಹೇಳಿದೆ.

"ಸರ್ಕಾರ ಕೊಬ್ಬಿತ್ತು ಕಣಕ್ಕ. ಅಧ್ಯಕ್ಷರು ಕೊಬ್ಬು ಕೊಯ್ತಿದ್ದಾರೆ ಅಷ್ಟೇ."

"ಕೊಬ್ಬು ಯಾವುದು, ಕಣ್ಣು ಯಾವುದು ಅಂತ ನೋಡದೆ ಕೊಯ್ದರೆ?"

"ನೀನು ರೇಡಿಯೋ ಕಮ್ಮಿ ಕೇಳು." ಅಂದು, ಚೆರ್ರಿ ಪೈ ಇನ್ನೊಂದು ತುಂಡು ಹಾಕಿಸಿಕೊಂಡ.

ಏಪ್ರಿಲ್ 22

ಊರಿನ ಪೇಪರಿಗೆ ಪತ್ರ ಬರೆದು ಕಳಿಸಿದೆ. ಕೆಲಸದವರನ್ನ ತೆಗೆಯೋದು ಅಧ್ಯಕ್ಷರ ಅಧಿಕಾರ ಇರಬಹುದು. ತೆಗೆದ ಮೇಲೆ ವೇದಿಕೆ ಹತ್ತಿ ಅವರನ್ನೇ ಸೋಮಾರಿಗಳು ಅಂತ ಆಡಿಕೊಂಡು ಜನರನ್ನ ನಗಿಸೋದು ಆ ಸ್ಥಾನಕ್ಕೆ ಒಪ್ಪೋ ಮಾತಲ್ಲ. ಪ್ರಶ್ನೆ ಕೇಳಿದವರೆಲ್ಲ ದೇಶದ್ರೋಹಿಗಳೂ ಅಲ್ಲ. ಹೀಗೆ. ಕೆಳಗೆ ಮನೆತನದ ಹೆಸರೂ ಸೇರಿಸಿ ಪೂರ್ತಿ ಹೆಸರು ಹಾಕಿದೆ. ಮರೆಮಾಚೋದು ಯಾಕೆ?

ಏಪ್ರಿಲ್ 27, ಭಾನುವಾರ

ಪೈ ಹಾಗೇ ಕೂತಿದೆ. ಡೆಲ್ಬರ್ಟ್ ಊಟಕ್ಕೆ ಬರಲಿಲ್ಲ, ಕೊನೆಗೆ ಅವನ ಫೋನ್ ಬಂತು.

"ಕಾಫಿ ಅಂಗಡೀಲಿ ಎಲ್ಲರೂ ನಿನ್ನ ಪತ್ರ ಓದಿ ನಕ್ಕರು. ಅಪ್ಪನ ಹೆಸರು ಹಾಕಿದ್ದೀಯಲ್ಲಕ್ಕ."

"ಅದು ನನ್ನ ಹೆಸರೂ ಹೌದಲ್ಲೋ."

"ಹಾಗಿದ್ರೆ ನಿನ್ನ ನೆಲಮಾಳಿಗೆ ನೀನೇ ಇಟ್ಕೋ. ನಾನು ಬರಲ್ಲ."

ಫೋನ್ ಇಟ್ಟುಬಿಟ್ಟ.

ಮೇ 16, ಮಧ್ಯಾಹ್ನ

ಸೆಕೆ. ಹಕ್ಕಿಗಳ ಸದ್ದಿಲ್ಲ. ಪಶ್ಚಿಮಕ್ಕೆ ಆಕಾಶ ಹಸಿರಿಗೆ ತಿರುಗಿದೆ, ಸುಂಟರಗಾಳಿಯ ಲಕ್ಷಣ. ರಾಸ್ಕೋ ಫೋನ್ ಮಾಡಿದ — "ಅಮ್ಮ, ಸೈರನ್‌ಗೆ ಕಾಯಬೇಡಿ. ಕಚೇರೀಲಿ ಮೇಲಿನ ಗಾಳಿ ಅಳೆಯೋ ಬೆಳಗಿನ ಬಲೂನ್ ಬಿಡೋಕೂ ಜನ ಇರಲಿಲ್ಲವಂತೆ. ಕೆಳಗಿಳೀರಿ."

ಇಷ್ಟು ದಿನದ ಮೇಲೆ ನಾನೇ ಡೆಲ್ಬರ್ಟ್‌ಗೆ ಮಾಡಿದೆ. ಮೆಟ್ಟಿಲ ಮೇಲೆ ನಿಂತು ಆಕಾಶ ನೋಡ್ತಿದ್ದಾನಂತೆ. ಕ್ಯಾನ್ಸಸ್ ಗಂಡಸರೆಲ್ಲ ಹೀಗೇ, ಗಾಳಿ ಬರ್ತಿದೆ ಅಂದರೆ ಹೊರಗೆ ಬಂದು ನಿಲ್ಲೋದು. ಅಪ್ಪನೂ ನಿಲ್ಲೋರು, ಕಾಫಿ ಲೋಟ ಹಿಡಿದು.

"ಸೈರನ್ ಕೂಗಿಲ್ಲವಲ್ಲ. ಕೂಗಲಿ, ನೋಡೋಣ."

"ಕೂಗಿಸಿ ಅಂತ ಹೇಳೋರನ್ನೇ ಮನೆಗೆ ಕಳಿಸಿದ್ದಾರಲ್ಲೋ."

ಅವನ ಕಡೆಯ ಗಾಳಿ ಫೋನಲ್ಲೇ ಕೇಳ್ತಿತ್ತು. ಆಮೇಲೆ — "ಪೈ ಇದೆಯಾ?"

"ಇದೆ, ಬಾ" ಅಂದೆ. ಇರಲಿಲ್ಲ. ಆ ಭಾನುವಾರದ ಮೇಲೆ ಮಾಡೇ ಇಲ್ಲ.

ಲೈನ್ ಕಟ್ಟಾಯಿತು. ಹೊರಟನೋ, ಅಲ್ಲೇ ನಿಂತನೋ.

ಅದೇ ದಿನ, ನೆಲಮಾಳಿಗೆ

ಕರೆಂಟಿಲ್ಲ. ಟಾರ್ಚ್ ಬೆಳಕಲ್ಲಿ ಬರೀತಿದ್ದೀನಿ. ಅವನ ಕುರ್ಚಿ ಒರೆಸಿಟ್ಟಿದ್ದೀನಿ. ಮೇಲಿನ ಬಾಗಿಲಿಗೆ ಇಟ್ಟಿಗೆ ಕೊಟ್ಟು ತೆರೆದಿಟ್ಟಿದ್ದೀನಿ. ಹಾಕಬೇಕು, ಗೊತ್ತು. ಹಾಕಿದರೆ ಒಳಗಿಂದ ಚಿಲಕ. ಅವನು ತಟ್ಟಿದರೂ ಈ ಸದ್ದಲ್ಲಿ ಕೇಳಲ್ಲ. ಸೈರನ್ ಇನ್ನೂ ಇಲ್ಲ.

ದಾರೀಲಿ ಏನೋ ಸದ್ದು — ಆಲಿಕಲ್ಲೋ, ಅವನ ಟ್ರಕ್ಕೋ... ಎದ್ದು ನೋಡ್ತೀನಿ