ಖಾಲಿಯಿದ್ದ ನಿನ್ನ ಕಾಲಂ

ಸೊಸೆ ಪೂರ್ಣಿಮಾಗೆ,

ನಾನು ನಿನ್ನ ಅತ್ತೆ, ಪಾಲಿಬೆಟ್ಟದ ಈ ತೋಟದ ಯಜಮಾನಿ. ಹೈಸ್ಕೂಲು ಮುಗಿಸಿ ಇಲ್ಲಿಗೆ ಬಂದವಳು. ತೋಟದ ಲೆಕ್ಕ, ಆಳು ನೋಡಿಕೊಳ್ಳುವ ರೈಟರಿನಿಂದ ಹಿಡಿದು ನನ್ನ ಮಗನವರೆಗೆ ಯಾರೂ ನನಗೆ ಎದುರಾಡಿದ್ದಿಲ್ಲ. ನೀನೊಬ್ಬಳೇ ಎದುರಾಡುತ್ತಿದ್ದೆ. ಈಗ...

ಕಾಫಿ ಕೊಯ್ಯುವ ಸೆಲ್ವಿ ಓಡಿ ಬಂದ ದಿನ ನೆನಪಿದೆಯೇ? ಆನೆ ಮೇಲ್‌ಬಾಣೆಯಲ್ಲಿದೆ ಎಂದು ರೈಟರ್ ಎಲ್ಲರ ಫೋನಿಗೂ ಕಳಿಸಿದ್ದ. ಓದಿಯೂ ಅವಳು ಅಲ್ಲಿಗೇ ಹೋದಳು. ಮೇಲ್‌ಬಾಣೆ ಎನ್ನುವುದು ನಮ್ಮ ಮನೆಯವರು ಮಾತ್ರ. ಕೂಲಿ ಲೈನಿನ ಮನೆಗಳ ತಮಿಳರಿಗೆ ಅದು ಪಲಾಮರಕಾಡು. ಆನೆ ಎದುರಾಗಿ ಓಡಿ ಬಂದವಳು ನಿನ್ನ ಕೈ ಹಿಡಿದಳು. ಕಂಪನಿಗೆಂದು ನೀನು ಮನೆಯಲ್ಲೇ ಕೂತು ಮಾಡುತ್ತಿದ್ದ ನಕ್ಷೆಯ ಸಾಫ್ಟ್‌ವೇರಿಗೆ ಅಂದೇ ನಮ್ಮ ತೋಟವನ್ನೂ ಹಾಕಿದೆ.

ಊಟದ ಮೇಜಿನಲ್ಲಿ ಕೂತು ನೀನು ಒಂದರೊಳಗೊಂದು ಆವರಣ ಚಿಹ್ನೆ, ಅದೇ ಬ್ರಾಕೆಟ್ಟು, ಬರೆಯುವುದು, ಅಳಿಸುವುದು. “ಅತ್ತೆ, ಪ್ರತಿ ಜಾಗಕ್ಕೂ ಭಾಷೆಗೊಂದು ಕಾಲಂ ಇದೆ. ಒಳಗಿನ ಆವರಣ ಮೊದಲು ಕೇಳುತ್ತೆ, ನೋಡೋರ ಭಾಷೆ ಯಾವುದು ಅಂತ. ಆ ಭಾಷೆಯ ಕಾಲಂನಿಂದ ಹೊರಗಿನ ಆವರಣ ಹೆಸರು ತರುತ್ತೆ. ಖಾಲಿಯಿದ್ರೆ ಮಾತ್ರ ನಿಮ್ಮ ಮನೆ ಹೆಸರು.”

“ಒಂದು ಹೆಸರಿಗೆ ಇಷ್ಟು ಬೇಲಿಯಾ? ರೈಟರಿಗೆ ಹೇಳು, ಕೂಗ್ತಾನೆ.”

“ಕೂಗಿದ್ರೆ ಆನೆಗೂ ಕೇಳುತ್ತೆ, ಅತ್ತೆ!”

ಕಾಯಿಲೆ ಬಿದ್ದು ಸೇರಿದ ಆಸ್ಪತ್ರೆಯ ಹಾಸಿಗೆಯಲ್ಲೂ ಮಲಯಾಳದ ಕಾಲಂ ತುಂಬಿಸಿದೆ. ಸಾಕು, ಮಲಗು ಎಂದರೆ “ಇದೊಂದು” ಎಂದೆ. ಅದೇ ನಿನ್ನ ಕೊನೆಯ ಮಾತಾಯಿತು.

ನಿನ್ನ ತಿಥಿಯಾದ ಮೇಲೆ ನಿನ್ನ ಕಂಪನಿಯವನು ಬಂದ. “ಅರೆಭಾಷೆ ಕಾಲಂ ಪೂರಾ ಖಾಲಿ, ಅಮ್ಮ. ಆ ಭಾಷೇಲಿ ನೋಡೋರೂ ಇಲ್ಲ. ತೆಗೆದುಬಿಡ್ಲಾ?” ನಾನು ನಂಬದೆ ನಿನ್ನ ಫೋನು ತೆರೆದೆ. ನಕ್ಷೆಯ ಭಾಷೆ ನಿನ್ನ ತವರಿನ ಅರೆಭಾಷೆಯೇ ಇತ್ತು. ಆದರೆ ತೋಟದ ಉದ್ದಗಲಕ್ಕೂ ನಮ್ಮ ಮನೆಯ ಹೆಸರುಗಳು. ಎಲ್ಲರನ್ನೂ ಕೇಳಿ ಕೇಳಿ ಬರೆದವಳು, ನಿನ್ನದು ಕೊನೆಗಿರಲಿ ಎಂದುಕೊಂಡೆಯಾ?

“ಮುಟ್ಟಬೇಡ” ಎಂದೆ. ಬಸ್ಸು ಹತ್ತಿ ಭಾಗಮಂಡಲಕ್ಕೆ, ನಿನ್ನ ತವರಿಗೆ ಹೋದೆ. ನಾನು ಒಂದೊಂದು ಜಾಗದ ಗುರುತು ಹೇಳಿದೆ, ನಿನ್ನಮ್ಮ ಹೆಸರು ಹೇಳಿದರು. “ದಿನಾ ಫೋನ್‌ಲಿ ಹೇಳ್ತಿತ್ತ್ ಅದ್” ಎಂದು ಮಗಳನ್ನು ನೆನೆದು ಕಣ್ಣೊರೆಸಿಕೊಂಡರು. ಹಳ್ಳದ ಬದಿ ತೋಡುಕರೆ. ಕಾಫಿ ಪಿಕ್ಕಿಂಗ್ ಕಾಲದಲ್ಲಿ ನಾನು ನಿಂತು ಗದರುವ ಕಲ್ಲಿನ ಹತ್ತಿರದ ಜಾಗಕ್ಕೆ? ಅವರು ಸೆರಗು ಬಾಯಿಗೆ ಅಡ್ಡ ಹಿಡಿದರು. ಹೇಳಿ ಎಂದೆ.

“ಹುಲಿಕಟ್ಟೆ.”

ನಕ್ಕೆವು, ಇಬ್ಬರೂ. ಆಮೇಲೆ ನಗು ನಿಲ್ಲಿಸಲು ಹೋಗಿ...

ಎಲ್ಲ ಬರೆಸಿದ್ದೇನೆ ಪೂರ್ಣಿ, ಹುಲಿಕಟ್ಟೆಯನ್ನೂ. ನನ್ನ ಫೋನಿನ ನಕ್ಷೆಗೆ ನಿನ್ನ ಭಾಷೆ ಹಾಕಿಸಿದ್ದೇನೆ. ಆ ಕಾಲಂ ನೋಡುವವರು ಇಲ್ಲ ಎಂದು ಈಗ ಯಾರೂ ಹೇಳುವಂತಿಲ್ಲ.

ನಿನ್ನ ಅತ್ತೆ