ಏಳನೆಯ ಪೆಟ್ಟಿಗೆಯ ತೊಂಬತ್ತನಾಲ್ಕು ಡೆಸಿಬಲ್

ಧ್ವನಿವರ್ಧಕಗಳಿಗೆ ಅನುಮತಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಮಾನ್ಯ ಅಧಿಕಾರಿಗಳೇ,

ಕಳೆದ ಡಿಸೆಂಬರ್ ಹದಿಮೂರರ ಶನಿವಾರ ಸಂಜೆ ನಾಲ್ಕೂ ಹತ್ತಕ್ಕೆ ನಿಮ್ಮ ಇಬ್ಬರು ಸಿಬ್ಬಂದಿ ಬಸವೇಶ್ವರನಗರದ ಒಂದು ಶಾಲೆಯ ಅಂಗಳಕ್ಕೆ ಬಂದು, ಮಕ್ಕಳ ನೃತ್ಯಕ್ಕೆಂದು ಜೋಡಿಸಿದ್ದ ಎಂಟು ಸ್ಪೀಕರ್ ಪೆಟ್ಟಿಗೆ, ಎರಡು ಆಂಪ್ಲಿಫೈಯರ್ ಹಾಗೂ ಒಂದು ಮಿಕ್ಸರನ್ನು ಜಪ್ತಿ ಮಾಡಿಕೊಂಡು ಹೋದರು. ಕಾರಣ, ಮಿತಿ ಮೀರಿದ ಶಬ್ದ. ಆಧಾರ, ನಿಮ್ಮ ಮೊಹರಿರುವ ಜಪ್ತಿ ಪತ್ರ. ಆ ಪತ್ರ ಸುಳ್ಳು. ಇದು ನನ್ನ ಅನುಮಾನವಲ್ಲ. ಅನುಮಾನಗಳು ಬೇರೆ ಇವೆ, ಅವಕ್ಕೂ ಬರುತ್ತೇನೆ.

ನನ್ನ ಮಾತನ್ನು ಎಷ್ಟು ನಂಬಬೇಕೆಂದು ಈ ಪತ್ರಿಕೆಯ ಓದುಗರು ತೂಗಿ ನೋಡಲಿ ಎಂದು ಮೊದಲೇ ಹೇಳಿಬಿಡುತ್ತೇನೆ. ಆ ಸಾಮಾನಿನ ಮಾಲೀಕ ಕೊಟ್ರೇಶ್ ನನ್ನ ಬಾಡಿಗೆದಾರರು. ಕೂಡ್ಲಿಗಿ ಕಡೆಯಿಂದ ಬಂದು, ಹೆಂಡತಿ ಭಾಗವ್ವನೊಂದಿಗೆ ಒಂಬತ್ತು ವರ್ಷದಿಂದ ಆರ್‌ಪಿಸಿ ಲೇಔಟಿನ ನಮ್ಮ ಮನೆಯ ಹಿಂಭಾಗದಲ್ಲಿದ್ದಾರೆ. ಶಾಲೆಗಳ ವಾರ್ಷಿಕೋತ್ಸವಕ್ಕೆ ಡಿಜೆ ಸಾಮಾನು ಹಾಕುವುದು ಅವರ ಕಸುಬು. ಇನ್ನು ನಾನೋ, ಡಿಜೆ ಎಂಬ ಎರಡಕ್ಷರ ಕೇಳಿದರೇ ಕಿಟಕಿ ಮುಚ್ಚುವವನು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟಿದ್ದೇನೆ, ಡೆಸಿಬಲ್ ಎಂದರೇನೆಂದು ಬಲ್ಲೆ. ಶಬ್ದದ ಮೇಲೆ ನೀವು ಯುದ್ಧ ಹೂಡಿದರೆ ಮೊದಲು ಹಾರ ಹಾಕಬೇಕಾದವನು ನಾನೇ.

ಆದರೆ ನಿಮ್ಮ ಕಚೇರಿಯ ದುರದೃಷ್ಟ, ನನಗೆ ನೆನಪು ಜಾಸ್ತಿ. ೨೦೧೧ರಲ್ಲಿ ನಮ್ಮ ಬೀದಿಯ ಕಲ್ಯಾಣ ಮಂಟಪದ ಅಬ್ಬರದ ವಿರುದ್ಧ ದೂರು ಕೊಟ್ಟಿದ್ದೆ. ಆಗ ನನ್ನ ಹೆಂಡತಿ ಆಸ್ಪತ್ರೆಯಿಂದ ಬಂದು ಹಾಸಿಗೆ ಹಿಡಿದಿದ್ದಳು. ‘ಶಬ್ದಮಾಪಕವು ದುರಸ್ತಿಗೆ ಹೋಗಿರುವುದರಿಂದ ಕ್ರಮ ಕೈಗೊಳ್ಳಲು ಸಾಧ್ಯವಿರುವುದಿಲ್ಲ’ ಎಂದು ಉತ್ತರ ಬಂತು. ೨೦೨೩ರಲ್ಲಿ ಮಾಹಿತಿ ಹಕ್ಕಿನಡಿ ಮತ್ತೆ ವಿಚಾರಿಸಿದೆ. ಮಾಪಕವಿನ್ನೂ ದುರಸ್ತಿಯಿಂದ ಬಂದಿರಲಿಲ್ಲ. ಹನ್ನೆರಡು ವರ್ಷ ಯಾವ ರಿಪೇರಿ ಅಂಗಡಿಯಲ್ಲಿ ಅದು ತಪಸ್ಸು ಮಾಡಿತೋ, ಯಾವ ಘಳಿಗೆಯಲ್ಲಿ ಅದಕ್ಕೆ ಜೀವ ಬಂತೋ, ಸೀದಾ ಎದ್ದು ಬಂದು ಆರನೇ ಕ್ಲಾಸಿನ ಮಕ್ಕಳ ಕೋಲಾಟಕ್ಕೇ ಯಾಕೆ ಹಾಜರಾಯಿತೋ, ತಿಳಿಸುವಿರಾ?

ಆ ಕೋಲಾಟದಲ್ಲಿ ನನ್ನ ಮೊಮ್ಮಗಳು ಸ್ಮೃತಿ ಇದ್ದಳು. ಬಣ್ಣ ಹಚ್ಚಿಸಿಕೊಳ್ಳಲು ಬೇಗ ಬರಬೇಕೆಂದಿದ್ದರಿಂದ ಮೂರು ಗಂಟೆಗೇ ಅವಳನ್ನು ಕರೆದೊಯ್ದು, ವೇದಿಕೆಯ ಮುಂದಿನ ಸಾಲಿನಲ್ಲಿ ದಿನಪತ್ರಿಕೆ ಹಿಡಿದು ಕೂತಿದ್ದೆ. ಕೊಟ್ರೇಶ್ ವೇದಿಕೆಯ ಎರಡೂ ಬದಿಗೆ ನಾಲ್ಕು ನಾಲ್ಕು ಪೆಟ್ಟಿಗೆ ಪೇರಿಸಿದರು, ಮಕ್ಕಳು ಎಡವದಂತೆ ವೈರುಗಳನ್ನು ನೆಲಕ್ಕೆ ಟೇಪಿನಿಂದ ಅಂಟಿಸಿದರು, ಮೈಕಿನಲ್ಲಿ ‘ಹಲೋ ಚೆಕ್’ ಅಂದರು, ಅರ್ಧ ಹಾಡು ಹಾಕಿ ನಿಲ್ಲಿಸಿದರು. ಆ ಸದ್ದಿಗೆ ನಾನು ತಲೆಯನ್ನೂ ಎತ್ತಲಿಲ್ಲ. ಶಾಲೆ ಪಡೆದಿದ್ದ ಅನುಮತಿ ಪತ್ರ ಅವರ ಜೇಬಿನಲ್ಲೇ ಇತ್ತು. ಜೀಪು ಬಂತು. ಒಬ್ಬರು ಬರೆಯುತ್ತ ನಿಂತರು. ಇನ್ನೊಬ್ಬರು ಮೊಬೈಲಿನಂಥದ್ದೇನನ್ನೋ ವೇದಿಕೆಯ ಕಡೆಗೆ ಹಿಡಿದರು, ಒಂದು ಬಾಳೆಹಣ್ಣು ಸುಲಿಯುವಷ್ಟು ಹೊತ್ತು. ಅನುಮತಿ ಪತ್ರವನ್ನು ಓದದೆ ವಾಪಸು ಕೊಟ್ಟರು. ಹನ್ನೊಂದು ನಿಮಿಷದಲ್ಲಿ ವೇದಿಕೆ ಬೋಳಾಯಿತು.

ಹಾಗಾದರೆ ಮಕ್ಕಳು ಸದ್ದಿಲ್ಲದೆ ಕುಣಿದರೇ? ಇಲ್ಲ ಮಾನ್ಯರೇ, ನಿಮ್ಮ ಕಚೇರಿಯ ಮೇಲೆ ದೈವಕೃಪೆ ಅಪಾರ. ಜೀಪು ತಿರುವು ದಾಟಿದ ಇಪ್ಪತ್ತು ನಿಮಿಷಕ್ಕೆ ಇನ್ನೊಂದು ಸಂಸ್ಥೆಯ ವ್ಯಾನು ಗೇಟಿನೊಳಗೆ ಬಂತು. ಹದಿನಾರು ಪೆಟ್ಟಿಗೆ, ಹೊಗೆ ಕಾರುವ ಯಂತ್ರ ಬೇರೆ. ಶಾಲೆಯವರು ನಾವು ಕರೆಸಿಲ್ಲ ಎನ್ನುತ್ತಾರೆ, ಬಂದದ್ದನ್ನು ಬೇಡ ಎನ್ನಲಿಲ್ಲ ಅಷ್ಟೆ. ಗೇಟಿನ ಕಾವಲಿಗಿರುವ ಗೂಳಪ್ಪನನ್ನು ವಿಚಾರಿಸಿದೆ.

“ಹನ್ನೆರ್ಡು ಗಂಟೆಗೇ ಬಂದಿತ್ತು ಸಾರ್ ಆ ಗಾಡಿ, ಪಾರ್ಕ್ ಪಕ್ಕ ನಿಲ್ಸಿದ್ರು. ಯಾರಿಗ್ ಕಾಯ್ತಾ ಇದೀಯಪ್ಪಾ ಅಂದ್ರೆ, ಫೋನ್ ಬರ್ಬೇಕು ಅಂದ ಡ್ರೈವರು.”

ನಾಲ್ಕು ಗಂಟೆಗೆ ನಡೆಯಲಿರುವ ಜಪ್ತಿ ಹನ್ನೆರಡಕ್ಕೇ ಯಾರಿಗೆ ಗೊತ್ತಿತ್ತು? ಆ ಫೋನು ಎಲ್ಲಿಂದ ಬರಬೇಕಿತ್ತು? ಆ ಹದಿನಾರು ಪೆಟ್ಟಿಗೆಗಳ ಸದ್ದಿಗೆ ಸ್ಟಾಫ್ ರೂಮಿನ ಗಾಜು ಅದುರುತ್ತಿದ್ದಾಗ ನಿಮ್ಮ ಮಾಪಕ ಮತ್ತೆ ದುರಸ್ತಿಗೆ ಹೋಗಿತ್ತೇ?

ಕೊಟ್ರೇಶ್ ಜೊತೆ ನಿಮ್ಮ ಕಚೇರಿಗೆ ಮೂರು ಸಲ ಬಂದೆ. ನಿಮ್ಮ ದರ್ಶನವಾಗಲಿಲ್ಲ. ಮೂರನೆಯ ಸಲ ಜಪ್ತಿ ಪತ್ರದ ನಕಲು ಸಿಕ್ಕಿತು. ಅದರಲ್ಲೊಂದು ಅಚ್ಚುಕಟ್ಟಾದ ಕೋಷ್ಟಕ. ಕೊಟ್ರೇಶ್ ಬಣ್ಣದಲ್ಲಿ ಬರೆದಿಟ್ಟಿದ್ದ ಸಂಖ್ಯೆಯಂತೆಯೇ ಒಂದರಿಂದ ಎಂಟರವರೆಗೆ ಪೆಟ್ಟಿಗೆಗಳು, ಪ್ರತಿಯೊಂದರ ಎದುರು ಡೆಸಿಬಲ್. ಅತಿ ಹೆಚ್ಚು ಏಳನೆಯದು, ತೊಂಬತ್ತನಾಲ್ಕು. ಕೆಳಗೆ ಒಂದು ವಾಕ್ಯ: ‘ಪ್ರತಿಯೊಂದು ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಚಾಲನೆ ಮಾಡಿ, ಉಳಿದವುಗಳನ್ನು ಸ್ಥಗಿತಗೊಳಿಸಿ ಅಳತೆ ಮಾಡಲಾಗಿರುತ್ತದೆ.’ ಇದನ್ನು ನಾನು ಕಣ್ಣಾರೆ ಕಾಣಲಿಲ್ಲವಲ್ಲ ಎಂದೆ. ನಿಮ್ಮ ಗುಮಾಸ್ತರು ಕನಿಕರದಿಂದ ನಕ್ಕರು. “ಸಾರ್, ಮನುಷ್ಯರು ಸುಳ್ಳು ಹೇಳ್ಬೋದು. ಮಷೀನ್ ಹೇಳುತ್ತಾ?”

ಕೊಟ್ರೇಶ್ ನಕಲನ್ನೇ ನೋಡುತ್ತ ನಿಂತಿದ್ದರು. ವಾಪಸು ಬರುವಾಗ ವಿಜಯನಗರದಲ್ಲಿ ಕಾಫಿಗೆ ನಿಂತೆವು. ಲೋಟ ಪಕ್ಕಕ್ಕೆ ಸರಿಸಿ, ತಗ್ಗಿದ ದನಿಯಲ್ಲಿ ಹೇಳಿದರು: “ಸರ್, ಐದ್ರಿಂದ ಎಂಟು ಖಾಲಿ ಅದಾವ್ರಿ. ಬರೇ ಪ್ಲೈವುಡ್ಡು. ಏಳ್ನೇದ್ರಾಗ ನಮ್ಮ ಭಾಗವ್ವ ಕಟ್ಟಿ ಕೊಟ್ಟ ರೊಟ್ಟಿ ಐತ್ರಿ.”

ಇದು ಆ ಕಸುಬಿನೊಳಗಿನವರಿಗೆಲ್ಲ ಗೊತ್ತಿರುವ ಸಂಗತಿಯಂತೆ. ಶಾಲೆಗಳವರು ಫೋನಿನಲ್ಲಿ ಕೇಳುವುದು ಒಂದೇ ಪ್ರಶ್ನೆ, ಎಷ್ಟು ಬಾಕ್ಸ್ ತರುತ್ತೀಯ ಎಂದು. ಸದ್ದು ಹೇಗಿರುತ್ತದೆಂದು ಯಾರೂ ಕೇಳುವುದಿಲ್ಲ. ವೇದಿಕೆಯ ಪಕ್ಕ ಎತ್ತರಕ್ಕೆ ಪೇರಿಸಿದ್ದರೆ ಪೋಷಕರಿಗೆ ಜೋರು ಅನ್ನಿಸುತ್ತದೆ, ಫೋಟೋದಲ್ಲಿ ಗತ್ತು ಕಾಣುತ್ತದೆ. ಹಾಗಾಗಿ ಸಣ್ಣಪುಟ್ಟವರು ಅರ್ಧದಷ್ಟು ಖಾಲಿ ಪೆಟ್ಟಿಗೆ ಮಾಡಿಸಿ, ಮುಂದೆ ಜಾಲರಿ ಬಡಿದು, ಕಪ್ಪು ಬಟ್ಟೆ ಹೊದಿಸುತ್ತಾರೆ. ಒಳಗೆ ಟೇಪು, ವೈರು, ಬುತ್ತಿ. ಇದು ಮೋಸವೇ, ನಾನು ಸಮರ್ಥಿಸುವುದಿಲ್ಲ. ಆ ಲೆಕ್ಕ ಕೊಟ್ರೇಶ್‌ಗೂ ಶಾಲೆಗಳಿಗೂ ಬಿಟ್ಟದ್ದು. ಆದರೆ ಖಾಲಿ ಪ್ಲೈವುಡ್ ಪೆಟ್ಟಿಗೆಯನ್ನು ‘ಪ್ರತ್ಯೇಕವಾಗಿ ಚಾಲನೆ ಮಾಡಿ’ ಜೋಳದ ರೊಟ್ಟಿಯಿಂದ ತೊಂಬತ್ತನಾಲ್ಕು ಡೆಸಿಬಲ್ ಹೊರಡಿಸಿದ ವಿದ್ಯೆ ಯಾವುದು? ಮೂವತ್ತೊಂದು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟ ವಿಜ್ಞಾನದಲ್ಲಿ ಅದು ಇರಲಿಲ್ಲ.

ಇದನ್ನು ಬರೆಯುವುದು ಕೊಟ್ರೇಶ್‌ಗೆ ಬೇಡವಾಗಿತ್ತು. ಬರೆದರೆ ಅವರನ್ನು ಕರೆಯುವ ಶಾಲೆಗಳೆಲ್ಲ ಓದುತ್ತವೆ. ಬರೆಯದಿದ್ದರೆ, ಜಪ್ತಿ ಪತ್ರದ ಜೊತೆ ಬಂದಿರುವ ನಿಮ್ಮ ನೋಟಿಸಿನ ಪ್ರಕಾರ ಇದೇ ಜನವರಿ ಇಪ್ಪತ್ತರೊಳಗೆ ನೀವು ಒಪ್ಪುವ ಸಮಜಾಯಿಷಿ ಇಲ್ಲದೆ, ಮೂರು ವರ್ಷ ಅವರು ಯಾವ ಶಾಲೆಯಲ್ಲೂ ಮೈಕು ಹಾಕುವಂತಿಲ್ಲ. ಇಪ್ಪತ್ತನಾಲ್ಕಕ್ಕೆ ಕೆಂಗೇರಿ ಉಪನಗರದ ಶಾಲೆಯೊಂದಕ್ಕೆ ಒಪ್ಪಿಕೊಂಡಿದ್ದಾರೆ. ವರ್ಷದ ದುಡಿಮೆಯೆಲ್ಲ ಡಿಸೆಂಬರ್, ಜನವರಿ ಈ ಎರಡು ತಿಂಗಳದ್ದೇ. ಗಂಡ ಬೇಡ ಬೇಡ ಎನ್ನುತ್ತಿದ್ದಾಗ ಭಾಗವ್ವ ಒಳಗಿನಿಂದ ಬಂದು ಹೊಸಿಲಲ್ಲಿ ನಿಂತರು.

“ಬರೀರಿ ಸರ್. ಖಾಲಿ ಡಬ್ಬಿ ಇಟ್ಟಾರ ಅಂತ ನಾಕು ಮಂದಿ ನಕ್ರ ನಗ್ಲಿ. ಸಾಮಾನ ಬಂದ್ರ ಮತ್ತ ದುಡ್ಕೊಂತೀವಿ.” ಆಮೇಲೆ ಗಂಡನ ಕಡೆ ತಿರುಗಿದರು. “ಈ ಸಲ ನಾಕಽ ಅದಾವ ಅಂತ ಖರೇ ಹೇಳ್ರಿ ಅವ್ರಿಗೆ.”

ಕೊಟ್ರೇಶ್ ಕೆಂಗೇರಿಯ ಶಾಲೆಗೆ ಫೋನ್ ಮಾಡಿ ಹಾಗೆಯೇ ಹೇಳಿದರು. ಯೋಚಿಸಿ ತಿಳಿಸುತ್ತೇವೆ ಎಂದಿದ್ದಾರೆ. ಇನ್ನೂ ತಿಳಿಸಿಲ್ಲ.

ಒಬ್ಬ ಬಡಪಾಯಿ ತನ್ನ ಸುಳ್ಳನ್ನು ಒಪ್ಪಿಕೊಂಡಾಯಿತು, ಮಾನ್ಯರೇ. ಈಗ ನಿಮ್ಮ ಸರದಿ. ಈ ಪತ್ರ ಅಚ್ಚಾದ ಮರುದಿನ ಏಳನೆಯ ಪೆಟ್ಟಿಗೆಯ ಹೊಟ್ಟೆಯೊಳಗೆ ಹೊಸ ಸ್ಪೀಕರೊಂದು ಹುಟ್ಟಿಕೊಂಡೀತು ಎಂಬ ಭಯ ನನಗಿದೆ. ಅದಕ್ಕಾಗಿ ನಿಮ್ಮ ಕಚೇರಿಯ ಅಂಗಳದ ಮೂಲೆಯಲ್ಲಿ ಬಿದ್ದಿರುವ ಎಂಟನ್ನೂ, ವೈರು ಸಿಕ್ಕಿಸಲು ತೂತೇ ಇಲ್ಲದ ಆ ನಾಲ್ಕರ ಬೆನ್ನುಗಳ ಸಮೇತ, ಕಾಂಪೌಂಡಿನಾಚೆ ನಿಂತು ಫೋಟೋ ತೆಗೆದಿಟ್ಟಿದ್ದೇನೆ. ಸಂಪಾದಕರ ಬಳಿಯೂ ಒಂದು ಪ್ರತಿ ಇದೆ.

ಇಪ್ಪತ್ತನೇ ತಾರೀಖಿಗೆ ಮೊದಲು, ಯಾವುದಾದರೊಂದು ಕೆಲಸದ ದಿನ, ಹಗಲು ಹನ್ನೊಂದಕ್ಕೆ, ಬಂದ ಸಾರ್ವಜನಿಕರೆಲ್ಲರ ಎದುರು ಆ ಪೆಟ್ಟಿಗೆಯ ಜಾಲರಿ ಬಿಚ್ಚಿಸಿ. ಅಳೆದವರು ಯಾರು, ಯಾವ ಮಾಪಕದಿಂದ, ವ್ಯಾನಿಗೆ ಹೋದ ಫೋನು ಯಾರದು ಎಂಬುದಕ್ಕೆ ಅಲ್ಲಿಯೇ, ಬಾಯಿಬಿಟ್ಟು ಉತ್ತರ ಕೊಡಿ. ಆಮೇಲೆ, ಒಳಗಿರುವುದನ್ನು ಎಲ್ಲರಿಗೂ ತೋರಿಸಿ, ನಿಮ್ಮ ಕೋಷ್ಟಕದ ಏಳನೆಯ ಸಾಲನ್ನು ಗಟ್ಟಿಯಾಗಿ ಓದಿ.

ಇಂತಿ,
ನಿಮ್ಮ ಕಚೇರಿಯ ಕಾಯುವ ಬೆಂಚಿನ ಮೇಲೆ ಮೂರು ಕಾದಂಬರಿ ಓದಿ ಮುಗಿಸಿದ,
ಸೇತುರಾಮ
ಆರ್‌ಪಿಸಿ ಲೇಔಟ್, ವಿಜಯನಗರ